ಅಂಬಾರಿ ಹೊತ್ತವರಿಗೆ, ಕುರ್ಚಿಯಲ್ಲಿ ಕೂತವನ ಅರ್ಜಿ

ಇವರಿಗೆ,
ಶ್ರೀ ಅಭಿಮನ್ಯು ಅವರು,
ಚಿನ್ನದ ಅಂಬಾರಿ ಹೊತ್ತ ಆನೆ,
ಮತ್ತಿಗೋಡು ಆನೆ ಶಿಬಿರ, ನಾಗರಹೊಳೆ.

ಇವರಿಂದ,
ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್,
ವೀರನಹೊಸಹಳ್ಳಿ, ಹುಣಸೂರು ತಾಲ್ಲೂಕು.

ವಿಷಯ: ಬೆನ್ನಿನ ಮಟ್ಟಿಗೆ ನನ್ನನ್ನೂ ಆನೆಯೆಂದು ಪರಿಗಣಿಸುವ ಬಗ್ಗೆ.
ಉಲ್ಲೇಖ: ನನ್ನ ಸೊಂಟ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ... ಹೀಗೆ ಶುರು ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ದಿನವೆಲ್ಲ ಬೇರೆಯವರ ಅರ್ಜಿ ಕುಟ್ಟುವವನ ಬೆರಳಿಗೆ ಇನ್ನೊಂದು ಭಾಷೆ ಮರೆತೇಹೋಗಿದೆ. ಹೆಂಡತಿಗೆ ಮೆಸೇಜು ಕಳಿಸುವಾಗಲೂ ಕೊನೆಗೆ ‘ವಂದನೆಗಳೊಂದಿಗೆ’ ಅಂತ ಬಿದ್ದುಬಿಡುತ್ತದೆ.

ನಾನು ತಮ್ಮನ್ನು ಪ್ರತಿವರ್ಷ ನೋಡುತ್ತೇನೆ, ತಾವು ನನ್ನನ್ನು ನೋಡಿರಲಾರಿರಿ. ತಾವು ದಸರೆಗೆಂದು ಮೈಸೂರಿಗೆ ಹೊರಡುವ ಗಜಪಯಣದ ದಿನ ನಮ್ಮೂರ ಕಾಡಂಚಿನಲ್ಲಿ ಶಾಮಿಯಾನ ಏಳುತ್ತದೆ. ಮಂತ್ರಿಗಳು ಬರುತ್ತಾರೆ, ಪೂಜೆಯಾಗುತ್ತದೆ, ಹೂವೆರಚುತ್ತಾರೆ. ತಾವು ನಾಲ್ಕು ಹೆಜ್ಜೆ ನಡೆದು, ಆಮೇಲೆ ಲಾರಿ ಹತ್ತುತ್ತೀರಿ. ಹಿಂದೆಲ್ಲ ತಮ್ಮ ಹಿರಿಯರು ಮೈಸೂರಿನ ತನಕ ನಡೆದೇ ಹೋಗುತ್ತಿದ್ದರಂತೆ. ಅದಿರಲಿ. ಆ ದಿನ ಎಲ್ಲರೂ ತಮ್ಮ ದಂತ ನೋಡುತ್ತಿದ್ದರೆ ನಾನು ನೋಡುವುದು ಕುರ್ಚಿಗಳನ್ನು. ವೇದಿಕೆ ಮೇಲೆ ಬಿಳಿ ಬಟ್ಟೆ ಹೊದಿಸಿದ ಸೋಫಾ. ಕೆಳಗೆ ಮೊದಲ ಸಾಲಿನಲ್ಲಿ ಮೆತ್ತೆ ಕುರ್ಚಿ. ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿ. ಅದರಾಚೆ ನಿಂತ ಜನ. ಸೋಫಾದವರು ಮುಕ್ಕಾಲು ಗಂಟೆ ಕೂತು ಎದ್ದು ಹೋಗುತ್ತಾರೆ. ಬೆಳಿಗ್ಗೆಯೇ ಬಂದು ಕಾದವರೆಲ್ಲ ಪ್ಲಾಸ್ಟಿಕ್ಕಿನವರು.

ನಮ್ಮ ಕಚೇರಿಯಲ್ಲೂ ಇದೇ ಲೆಕ್ಕ. ಕಚೇರಿಯ ಹೆಸರು ಬೇಡ. ಸಾಹೇಬರದು ತಲೆಗಿಂತ ಎತ್ತರದ ಬೆನ್ನಿರುವ, ಗುಂಡಗೆ ತಿರುಗುವ ಕುರ್ಚಿ. ಅದರ ಮೇಲೊಂದು ಟರ್ಕಿ ಟವೆಲ್. ಅವರು ವಾರದಲ್ಲಿ ಹೆಚ್ಚು ದಿನ ಹುಣಸೂರಿನಲ್ಲೋ ಮೈಸೂರಿನಲ್ಲೋ ಮೀಟಿಂಗಿನಲ್ಲಿರುತ್ತಾರೆ. ಕುರ್ಚಿ ಮಾತ್ರ ದಿನವೂ ಹಾಜರು. ನಾನು ಬೆಳಿಗ್ಗೆ ಹತ್ತರಿಂದ ಸಂಜೆ ಆರೂವರೆ ತನಕ ಕೂರುವುದು ಶಾಮಿಯಾನದವರು ವಾಪಸ್ ಒಯ್ಯಲು ಮರೆತ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನಮ್ಮಲ್ಲಿ ಕುರ್ಚಿ ಕೊಡುವುದು ಎಷ್ಟು ಹೊತ್ತು ಕೂರುತ್ತಾನೆ ಅಂತ ನೋಡಿ ಅಲ್ಲ, ಯಾವ ದರ್ಜೆಯವನು ಅಂತ ನೋಡಿ.

ಕನ್ನಡದಲ್ಲಿ ಕುರ್ಚಿ ಅಂದರೇ ಅಧಿಕಾರ, ಏನು ಮಾಡೋಣ. ‘ಅವರ ಕುರ್ಚಿ ಅಲುಗಾಡ್ತಿದೆ’ ಅಂದರೆ ಯಾರೂ ಬಡಗಿಯನ್ನು ಕರೆಯುವುದಿಲ್ಲ. ಇದೇ ಹುಣಸೂರು ಸೀಮೆಯ ದೇವರಾಜ ಅರಸರು 1972ರಿಂದ 1980ರವರೆಗೆ, ನಡುವೆ ಎರಡು ತಿಂಗಳು ಬಿಟ್ಟು, ಮುಖ್ಯಮಂತ್ರಿ ಕುರ್ಚಿಯಲ್ಲಿದ್ದರು. ಉಳುವವನಿಗೆ ಭೂಮಿ ಕೊಟ್ಟರು. ಆ ಭೂಮಿಯ ಪಹಣಿ ಟೈಪ್ ಮಾಡುವವನ ಸೊಂಟ ಆಗಿನ್ನೂ ಹುಟ್ಟಿರಲಿಲ್ಲ, ಹಾಗಾಗಿ ಅವರ ಮೇಲೆ ದೂರಿಲ್ಲ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಅಂಬಾರಿಯ ತೂಕ 750 ಕಿಲೋ. ಅದನ್ನು ತಮ್ಮ ಮೇಲೆ ಒಂದೇ ದಿನ ತಂದು ಇಟ್ಟರೇ? ಇಲ್ಲ. ಮೈಸೂರಿಗೆ ಹೋದ ಕೂಡಲೇ ತಮ್ಮನ್ನು ತೂಗುತ್ತಾರೆ. ಕುಸುರೆ, ಬೆಣ್ಣೆ, ಬೇಯಿಸಿದ ಕಾಳು ತಿನ್ನಿಸುತ್ತಾರೆ. ಬೆನ್ನಿಗೆ ಮೊದಲು ನಮ್ದಾ ಎಂಬ ಹಾಸು, ಅದರ ಮೇಲೆ ಗಾದಿ. ಮೊದಲು ಬರಿ ನಡಿಗೆ, ಆಮೇಲೆ ಮರಳು ಮೂಟೆ, ಮೂಟೆ ಹೆಚ್ಚಿಸುತ್ತಾ ಹೋಗಿ ಕೊನೆಗೆ ಮರದ ಅಂಬಾರಿಯ ತಾಲೀಮು. ಇಷ್ಟೆಲ್ಲ ಆದಮೇಲೆ ಚಿನ್ನದ್ದು, ಅದೂ ಅರಮನೆಯಿಂದ ಬನ್ನಿಮಂಟಪದ ತನಕ, ಸುಮಾರು 5 ಕಿಲೋಮೀಟರು, ವರ್ಷಕ್ಕೊಂದು ದಿನ. ಜೊತೆಗೆ ವೈದ್ಯರು, ಜೊತೆಗೆ ವಿಮೆ.

ನನಗೆ ಕೆಲಸಕ್ಕೆ ಸೇರಿದ ದಿನ ಒಂದು ಪಾಸ್‌ವರ್ಡ್ ಕೊಟ್ಟರು. ತಾಲೀಮು ಮುಗಿಯಿತು.

ಇನ್ನೊಂದು ಸಂಗತಿ. 60 ದಾಟಿದ ಆನೆಗೆ ಭಾರ ಹೊರಿಸುವಂತಿಲ್ಲ ಎಂಬ ನಿಯಮವಿದೆ. ಅದರಿಂದಲೇ 2020ರಲ್ಲಿ, ತಮಗಿಂತ ಮೊದಲು ಹೊರುತ್ತಿದ್ದ ಆನೆ ಅರ್ಜುನನ ಬೆನ್ನಿನಿಂದ ಇಳಿದ ಅಂಬಾರಿ ತಮ್ಮ ಬೆನ್ನಿಗೆ ಬಂತು. ಸರ್ಕಾರಿ ನೌಕರನಿಗೂ 60ಕ್ಕೇ ನಿವೃತ್ತಿ. ಆನೆಗೂ ಗುಮಾಸ್ತನಿಗೂ ಒಂದೇ ಕಟ್ಟಳೆ ಅಂತ ಹೆಮ್ಮೆಪಡೋಣವೆಂದರೆ ಹೊರಗುತ್ತಿಗೆಯವನು ಎರಡೂ ಅಲ್ಲ. ನೇಮಕವೇ ಆಗದವನಿಗೆ ನಿವೃತ್ತಿ ಎಲ್ಲಿಯದು?

ತಮ್ಮ ಹಾಗೆ ಬೆನ್ನಿಗೆ ಬೆಲೆ ಇದ್ದ ಇನ್ನೊಬ್ಬರು ನಮ್ಮ ಹಳ್ಳಿಗಳಲ್ಲಿ ಇದ್ದರು, ಊರ ಲೆಕ್ಕ ಬರೆಯುತ್ತಿದ್ದ ಶಾನುಭೋಗರು. ಜಗಲಿಯ ಮೇಲೆ ಚಾಪೆ, ಹಿಂದೆ ಒರಗುದಿಂಬು, ಮುಂದೆ ಇಳಿಜಾರು ಮುಚ್ಚಳದ ಪೆಟ್ಟಿಗೆ. ಆ ಇಳಿಜಾರಿನಿಂದ ಲೆಕ್ಕದ ಪುಸ್ತಕ ಕಣ್ಣಿನ ಕಡೆಗೆ ಏಳುತ್ತಿತ್ತು, ಕತ್ತು ಬಗ್ಗಿಸಬೇಕಿರಲಿಲ್ಲ. ದಿಂಬಿನಿಂದ ಸೊಂಟಕ್ಕೆ ಆಸರೆ. ಕಾಲು ಮರಗಟ್ಟಿದರೆ ಮಡಿಸಿದ ಕಾಲು ಬದಲಿಸುವುದು, ಇಲ್ಲವೇ ಎದ್ದು ಎಲೆ ಅಡಿಕೆ ಉಗಿದು ಬರುವುದು. ಇಂದು ಕುರ್ಚಿ ಶಾಸ್ತ್ರದವರು ಸಾವಿರಾರು ರೂಪಾಯಿ ಪಡೆದು ಹೇಳುವುದೂ ಈ ನಾಲ್ಕನ್ನೇ, ಉಗಿಯುವುದೊಂದು ಬಿಟ್ಟು. 1961ರ ಕಾಯ್ದೆಯಿಂದ ಶಾನುಭೋಗಿಕೆ ರದ್ದಾಯಿತು. ಅದು ಹೋಗಬೇಕಾದ್ದೇ, ಒರಗುದಿಂಬನ್ನಾದರೂ ಉಳಿಸಿಕೊಳ್ಳಬಹುದಿತ್ತು. 2000ದಲ್ಲಿ ‘ಭೂಮಿ’ ಯೋಜನೆ ಬಂತು, ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ತಾವಾಗೇ ನಡೆದು ಹೋಗಲಿಲ್ಲ. ಯಾರೋ ಕೂತು ಕುಟ್ಟಿದರು. ಯಾವುದರ ಮೇಲೆ ಕೂತಿದ್ದರು ಎಂಬ ಕಾಲಂ ಪಹಣಿಯಲ್ಲಿಲ್ಲ.

ನನ್ನ ಪ್ಲಾಸ್ಟಿಕ್ ಕುರ್ಚಿಗೂ ಒಂದು ವಂಶಾವಳಿ ಇದೆ. 1972ರಲ್ಲಿ ಫ್ರಾನ್ಸಿನ ಆನ್ರಿ ಮಾಸೊನೆ ಎಂಬಾತ ಇಡೀ ಕುರ್ಚಿಯನ್ನು ಒಂದೇ ಅಚ್ಚಿನಲ್ಲಿ ಎರಡು ನಿಮಿಷದೊಳಗೆ ಎರಕ ಹೊಯ್ಯುವುದನ್ನು ಸಾಧಿಸಿದ. ಮದುವೆ, ತಿಥಿ, ಗ್ರಾಮಸಭೆಗೆ ಅದಕ್ಕಿಂತ ಒಳ್ಳೆಯ ಕುರ್ಚಿ ಬೇರೆ ಇಲ್ಲ. ಮಳೆಗೆ ಹೆದರದು, ಒಂದರೊಳಗೊಂದು ಕೂರುತ್ತದೆ, ಹಗುರ. ಒಂದೇ ಕಷ್ಟ, ಅಚ್ಚು ಒಂದೇ. ಐದಡಿಯವಳಿಗೂ ಆರಡಿಯವನಿಗೂ ಅದೇ ಎತ್ತರ, ಅದೇ ಆಳ. ಬೆನ್ನು ಹಿಂದಕ್ಕೆ ವಾಲಿರುತ್ತದೆ, ಕೀಬೋರ್ಡು ಮುಂದಿರುತ್ತದೆ. ಹಾಗಾಗಿ ಕುರ್ಚಿಯ ಬೆನ್ನು ಒಂದು ಕಡೆ, ನನ್ನ ಬೆನ್ನು ಒಂದು ಕಡೆ, ಎರಡಕ್ಕೂ ಮುಖ ಪರಿಚಯವೇ ಇಲ್ಲ.

ಹೀಗೆ ಮುಂದೆ ಬಾಗಿ ಕೂತರೆ ಏನಾಗುತ್ತದೆಂದು ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು ಜನರ ಬೆನ್ನೆಲುಬಿನ ಡಿಸ್ಕಿಗೇ ಸೂಜಿ ತೂರಿಸಿ ಅಳೆದರು. ನಿಂತಾಗಿನ ಒತ್ತಡವನ್ನು 100 ಅಂತಿಟ್ಟುಕೊಂಡರೆ ಆಸರೆಯಿಲ್ಲದೆ ಕೂತಾಗ 140, ಮುಂದೆ ಬಾಗಿ ಕೂತಾಗ 185. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬನ ಬೆನ್ನಿನಲ್ಲಿ ಮತ್ತೆ ಅಳೆದಾಗ, ಕುರ್ಚಿಗೆ ಚೆನ್ನಾಗಿ ಒರಗಿ ಸಡಿಲವಾಗಿ ಕೂತರೆ ಒತ್ತಡ ನಿಂತಾಗಿನದಕ್ಕಿಂತಲೂ ಕಡಿಮೆ ಅಂತ ಕಂಡಿತು. ಮೇಷ್ಟ್ರು ‘ನೆಟ್ಟಗೆ ಕೂತ್ಕೊಳ್ಳೋ’ ಅಂತ ಕೊಟ್ಟ ಏಟುಗಳನ್ನು ಇನ್ನು ಯಾರ ಹತ್ತಿರ ವಾಪಸ್ ಕೇಳಲಿ?

ಕಡೆಗೆ ನನ್ನದೇ ದುಡ್ಡಿನಲ್ಲಿ ಕುರ್ಚಿ ತರೋಣವೆಂದು ಹುಣಸೂರಿಗೆ ಹೋದೆ. ಮರದ ಡಿಪೋಗಳ ಊರು, ಕೂರುವುದಕ್ಕೆ ಕೊರತೆಯೇ ಅಂದುಕೊಂಡು. ಅಂಗಡಿಯವರು ಕೇಳಿದ ಮೊದಲ ಮಾತು:

“ಯಾರಿಗಣ್ಣ? ಸಾಹೇಬ್ರಿಗಾ, ಸ್ಟಾಫ್‌ಗಾ?”

ಎಷ್ಟು ಗಂಟೆ ಕೂರ್ತೀಯ, ಎಷ್ಟು ಎತ್ತರ ಇದ್ದೀಯ ಅಂತಲ್ಲ. ಅಲ್ಲಿ ಕುರ್ಚಿಗಳ ಹೆಸರೇ ಹಾಗೆ: ಬಾಸ್ ಚೇರ್, ಸ್ಟಾಫ್ ಚೇರ್, ವಿಸಿಟರ್ ಚೇರ್. ಬಾಸ್ ಚೇರ್ ಮೇಲೆ ಕೂತು ನೋಡಿದೆ. ದಪ್ಪ ರೆಕ್ಸಿನ್, ಮೆತ್ತಗೆ ಒಳಗೆಳೆದುಕೊಂಡಿತು. ಐದು ನಿಮಿಷ ಸ್ವರ್ಗ, ಹತ್ತನೆಯ ನಿಮಿಷಕ್ಕೆ ಬೆನ್ನು ಬೆವರಿತು. ಸೀಟು ಎಷ್ಟು ಆಳವೆಂದರೆ ಬೆನ್ನು ಒರಗಿಸಿದರೆ ಮಂಡಿ ಮಡಿಸಲಾಗದು, ಮಂಡಿ ಮಡಿಸಿದರೆ ಬೆನ್ನು ತಾಕದು. ಅದು ಕೆಲಸ ಮಾಡುವವರಿಗಾಗಿ ಮಾಡಿದ್ದಲ್ಲ, ಎದುರು ನಿಂತವರು ನೋಡಲಿ ಅಂತ ಮಾಡಿದ್ದು. ಪಕ್ಕದಲ್ಲೊಂದು ರೇಸ್ ಕಾರಿನ ಸೀಟಿನಂಥ ಗೇಮಿಂಗ್ ಚೇರೂ ಇತ್ತು. ನಮ್ಮ ಸರ್ವರ್ ಓಡುವ ವೇಗಕ್ಕೆ ಅದೇಕೆ?

ಕೆಲಸ ಮಾಡುವವರಿಗಾಗಿ ಮಾಡಿದ ಕುರ್ಚಿಯೂ ಇಲ್ಲದಿಲ್ಲ. 1994ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ ‘ಏರಾನ್’ ಎಂಬ ಕುರ್ಚಿ ತಂದಿತು. ಸ್ಪಂಜಿಲ್ಲ, ರೆಕ್ಸಿನ್ ಇಲ್ಲ, ಬರಿ ಬಲೆ. ಗಾಳಿ ಆಡುತ್ತದೆ. ಅಂಗಿಯ ಹಾಗೆ ಮೂರು ಅಳತೆ: ಎ, ಬಿ, ಸಿ. ಇದನ್ನು ಓದಿದ ದಿನ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಸರ್ಕಾರದಲ್ಲೂ ಎ, ಬಿ, ಸಿ, ಡಿ ಗ್ರೂಪುಗಳಿವೆ. ಅಲ್ಲಿ ಮೈಯಳತೆ ನೋಡಿ ಅಕ್ಷರ ಕೊಟ್ಟರು, ನಾವು ಅಕ್ಷರ ನೋಡಿ ಕುರ್ಚಿ ಕೊಡುತ್ತೇವೆ.

ಅಂಗಡಿಯಲ್ಲಿ ನಾನು ಕಲಿತದ್ದನ್ನು ತಮ್ಮ ಗಾದಿ ಕಟ್ಟುವವರ ಮುಂದೆ ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದಲಿ. ಸೀಟಿನ ಎತ್ತರ ಪಾದ ಪೂರ್ತಿ ನೆಲಕ್ಕೆ ತಾಕುವಷ್ಟಿರಬೇಕು. ಅಂಗಡಿಯವರು ಹೈಡ್ರಾಲಿಕ್ ಅನ್ನುವ ಆ ಸನ್ನೆ ಇರುವುದು ಅದಕ್ಕೇ, ಮಕ್ಕಳು ಮೇಲೆ ಕೆಳಗೆ ಆಡಲಿಕ್ಕಲ್ಲ. ಬೆನ್ನು ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯಬೇಕು. ಕುರ್ಚಿಯ ಬೆನ್ನಿನ ಉಬ್ಬು ನಾವು ಬೆಲ್ಟು ಕಟ್ಟುವ ಮಟ್ಟದಲ್ಲಿರಬೇಕು. ಅದು ಹೆಗಲಿನ ಹತ್ತಿರವಿದ್ದರೆ ಸೊಂಟಕ್ಕೆ ಆಸರೆ ಅಲ್ಲ, ಗೂನಿಗೆ ಅಡಿಪಾಯ. ಕೈಯಾಸರೆ ಮೊಣಕೈ ಮಟ್ಟಕ್ಕೆ ಬರಬೇಕು, ಹೆಗಲು ಮೇಲೇಳಬಾರದು. ಕುರ್ಚಿಯ ಬೆನ್ನು ತುಸು ಹಿಂದಕ್ಕೆ ಬಾಗಬೇಕು, ಬಾಗಿ ನಾವು ಬಿಟ್ಟಲ್ಲಿ ನಿಲ್ಲಬೇಕು. ಕೆಳಗೆ ಐದು ಕಾಲಿರಬೇಕು, ನಾಲ್ಕಿದ್ದರೆ ವಾಲಿದಾಗ ಮಗುಚುವ ಭಯ. ಮತ್ತೆ, ಕೊಳ್ಳುವ ಮುಂಚೆ ಕಾಲು ಗಂಟೆಯಾದರೂ ಕೂತು ನೋಡಬೇಕು. ನಾನು ಕಾಲು ಗಂಟೆ ಕೂತಾಗ ಅಂಗಡಿಯವರು, “ಅಣ್ಣ, ಟೀ ತರಿಸ್ಲಾ, ಇಲ್ಲಾ ಹಾಸಿಗೇನೇ ಹಾಕಿಸ್ಲಾ?” ಅಂದರು.

ಇಷ್ಟೆಲ್ಲ ಇರುವ ಕುರ್ಚಿಯ ಬೆಲೆ ಕೇಳಿ ಎದ್ದು ಬಂದೆ. ಬರುವಾಗ ಏನೂ ತರಲಿಲ್ಲ ಅಂತಲ್ಲ, ಬುದ್ಧಿ ತಂದೆ. ಈಗ ಮಾನಿಟರಿನ ಕೆಳಗೆ ಹಳೆಯ ಮತದಾರರ ಪಟ್ಟಿಯ ಕಟ್ಟುಗಳಿವೆ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದಿದೆ. ಮೇಜು ಎತ್ತರವಾದ್ದರಿಂದ ಕುರ್ಚಿಯ ಮೇಲೊಂದು ದಿಂಬು, ದಿಂಬಿನಿಂದ ಕಾಲು ಮೇಲೆ ಬಂದದ್ದಕ್ಕೆ ಪಾದದಡಿ ಮನೆಯ ಊಟದ ಮಣೆ. ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್. ಸಾಹೇಬರ ಕುರ್ಚಿಯ ಟವೆಲ್ಲೇ ಈ ಕೆಲಸಕ್ಕೆ ಸರಿಯಾಗಿತ್ತು, ಆದರೆ ಅದು ಅಲ್ಲಿರುವುದು ಸೊಂಟಕ್ಕಲ್ಲ, ಗೌರವಕ್ಕೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ ಅಂತ ಡಾಕ್ಟರು ಹೇಳಿದ್ದನ್ನು ನಮ್ಮಲ್ಲಿ ತಪ್ಪದೆ ಪಾಲಿಸುತ್ತಿರುವುದು ಸರ್ವರ್ ಒಂದೇ.

ನಾಗಾಪುರ ಹಾಡಿಯಿಂದ ಜಾತಿ ಪ್ರಮಾಣಪತ್ರಕ್ಕೆಂದು ಬಂದಿದ್ದ ಅಜ್ಜಿಯೊಬ್ಬರು ನನ್ನ ಮಣೆ, ದಿಂಬು, ಟವೆಲ್ಲಿನ ಸಿಂಗಾರ ನೋಡಿ ಕೇಳಿದರು: “ಯಾಕ್ ಮಗ, ಸೊಂಟ ನೋವಾ? ಬ್ಯಾರನ್ ಮುಂದೆ ದಿನವೆಲ್ಲ ಕೂತು ಹೊಗೆಸೊಪ್ಪು ಕಟ್ಟೋ ನಮ್ ಹೆಣ್ಮಕ್ಳಿಗೆ ಕುರ್ಚಿನೂ ಇಲ್ಲ, ನಿಂಗೆ ಕುರ್ಚಿ ಕೊಟ್ಟು ನೋವಾ?” ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ‘ಸರ್ವರ್ ಡೌನ್ ಅಜ್ಜಿ’ ಅಂದೆ. ಅವರಿಗೂ ನೋವಿದೆ, ಕುರ್ಚಿ ಇಲ್ಲದ್ದರಿಂದ ಅದರ ಹೆಸರಲ್ಲಿ ಅರ್ಜಿ ಹಾಕಲಾಗುತ್ತಿಲ್ಲ ಅಷ್ಟೆ.

ಹಾಗಾಗಿ ಮಾನ್ಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಏರಾನ್ ಬೇಡ, ಬಾಸ್ ಚೇರ್ ಬೇಡ, ಕುಸುರೆಯಂತೂ ಬೇಡ. ಮುಂದಿನ ಸಲ ಹೊಸ ಗಾದಿ ಕಟ್ಟಿಸುವಾಗ ಹಳೆಯದರಲ್ಲಿ ಒಂದು ಮೂಲೆ ಕತ್ತರಿಸಿ ಮಾವುತರ ಕೈಲಿ ಕಳಿಸಿಕೊಡಬೇಕೆಂದು ಕೋರುತ್ತೇನೆ. ಒಂದೂವರೆ ಅಡಿ ಅಗಲವಿದ್ದರೆ ನನಗೆ ಸಾಕು. ಎರಡು ಸಿಕ್ಕರೆ ಇನ್ನೊಂದು ಆ ಅಜ್ಜಿಯ ಮನೆಗೆ.

ಸ್ವೀಕೃತಿಗೆ ಸಾಹೇಬರನ್ನು ಕೇಳಬೇಡಿ, ಮೀಟಿಂಗಿನಲ್ಲಿರುತ್ತಾರೆ. ನಾನು ಹತ್ತರಿಂದ ಆರೂವರೆ ತನಕ ಕುರ್ಚಿಯಲ್ಲೇ ಇರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ