ದ್ವಿಚಕ್ರ ಮೀಮಾಂಸೆ: ಯಾದಗಿರಿ, ಶಹಾಪುರ, ಸುರಪುರಗಳ ಸಮಾರ್ಗದರ್ಶಕ ಸೈಕಲ್ ಪ್ರವಾಸವನ್ನು ಕುರಿತ ಲಘುಶಾಸ್ತ್ರ

ಒಂದು: ಅನುಬಂಧ ಚತುಷ್ಟಯ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ಇವೆರಡರ ನಡುವಿನ ಸಂಬಂಧವೇನು, ಅದನ್ನು ಓದಲು ಯಾರು ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಪ್ರಾಚೀನರು ವಿಧಿಸಿದ್ದಾರೆ. ಇದನ್ನೇ ಅನುಬಂಧ ಚತುಷ್ಟಯವೆನ್ನುತ್ತಾರೆ. 2009-10ರಲ್ಲಿ ಆಗಿನ ಗುಲಬರ್ಗಾದಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯ ಮೂರು ಊರುಗಳನ್ನು ಸೈಕಲ್ ಮೇಲೆ, ಬಲ್ಲವರೊಬ್ಬರ ಹಿಂದೆ ಹಿಂದೆ ಹೋಗಿ ನೋಡುವುದು ಪ್ರಸ್ತುತ ಶಾಸ್ತ್ರದ ವಿಷಯ. ಪ್ರಯೋಜನ ಎರಡು ಬಗೆಯದು: ದೃಷ್ಟಫಲವೆಂದರೆ ಕೋಟೆ, ಗುಡಿ, ಬೆಟ್ಟಗಳ ದರ್ಶನ, ಅದೃಷ್ಟಫಲವೆಂದರೆ ಅಲ್ಲಿಯವರೆಗೆ ಇದೆಯೆಂದೇ ತಿಳಿಯದಿದ್ದ ಮೊಣಕಾಲಿನ ಕೀಲುಗಳ ಜ್ಞಾನ. ಮೊದಲನೆಯದು ಸಿಕ್ಕರೂ ಸಿಗದಿದ್ದರೂ ಎರಡನೆಯದು ಸಿಕ್ಕೇ ಸಿಗುತ್ತದೆ ಎಂಬುದು ಇವುಗಳ ಸಂಬಂಧ. ಪಂಪಿನಿಂದ ಗಾಳಿ ಹೊಡೆಯಬಲ್ಲ, ಏರು ಬಂದಾಗ ಇಳಿದು ತಳ್ಳಲು ನಾಚದ, ದಾರಿ ಕೇಳುವುದನ್ನು ಅವಮಾನವೆಂದು ತಿಳಿಯದ ಯಾವನೇ ಆಗಲಿ ಇದಕ್ಕೆ ಅಧಿಕಾರಿ.

ಎರಡು: ಪೂರ್ವಪಕ್ಷ

ಖಂಡಿಸುವುದಕ್ಕಾಗಿಯೇ ಎದುರಾಳಿಯ ವಾದವನ್ನು ಅವನಿಗಿಂತಲೂ ಅಚ್ಚುಕಟ್ಟಾಗಿ ಮಂಡಿಸುವುದು ಪೂರ್ವಪಕ್ಷ. ಇಲ್ಲಿನ ಪೂರ್ವಪಕ್ಷಿಗಳು ಸ್ಪೇನ್ ದೇಶದ ಸೆವಿಲ್ ನಗರವನ್ನು ಮುಂದಿಡುತ್ತಾರೆ. ಅಲ್ಲಿ ನೆಲ ಸಪಾಟಾಗಿದೆ, ಸೈಕಲ್‌ಗೆಂದೇ ಪ್ರತ್ಯೇಕ ಹಾದಿಗಳಿವೆ, 2007ರಿಂದ ನಗರದ ಬಾಡಿಗೆ ಸೈಕಲ್ ವ್ಯವಸ್ಥೆಯಿದೆ, ಮುಂದೊಬ್ಬ ಮಾರ್ಗದರ್ಶಕ ಹೊರಟರೆ ಹಿಂದೆ ಹತ್ತು ಪ್ರವಾಸಿಗಳು ಸಾಲಾಗಿ ಹೊರಟು 12ನೆಯ ಶತಮಾನದ ಹಿರಾಲ್ಡಾ ಗೋಪುರದಿಂದ 1929ರ ಮೇಳಕ್ಕೆಂದು ಕಟ್ಟಿದ ಸ್ಪೇನ್ ಚೌಕದವರೆಗೆ ಬೆವರಿಲ್ಲದೆ ತಲುಪುತ್ತಾರೆ. ಆದ್ದರಿಂದ ಎಲ್ಲಿ ಸಪಾಟು ನೆಲವೂ ಸೈಕಲ್ ಹಾದಿಯೂ ಸಮವಸ್ತ್ರದ ಮಾರ್ಗದರ್ಶಕನೂ ಇರುವರೋ ಅಲ್ಲಿ ಮಾತ್ರ ಸಮಾರ್ಗದರ್ಶಕ ಪ್ರವಾಸ ಸಾಧ್ಯ; ಯಾದಗಿರಿಯಲ್ಲಿ ಈ ಮೂರೂ ಇಲ್ಲದ ಕಾರಣ ಅದು ಮೊಲದ ಕೊಂಬು ಎಂದು ಅವರ ನಿರ್ಣಯ.

ಇದು ಸರಿಯಲ್ಲ. ಹಿರಾಲ್ಡಾ ಗೋಪುರದೊಳಗೆ ಮೆಟ್ಟಿಲಿನ ಬದಲು ಇಳಿಜಾರು ಹಾದಿಯನ್ನು ಸುತ್ತಿಸಿದ್ದು ಪ್ರಾರ್ಥನೆಗೆ ಕರೆ ಕೊಡುವವನು ಕುದುರೆಯ ಮೇಲೆಯೇ ಏರಲೆಂದು. ಈಗಿನ ಸೈಕಲ್ ಪ್ರವಾಸಿ ಮಾತ್ರ ಸೈಕಲನ್ನು ಕೆಳಗೆ ಬಿಟ್ಟು ಕಾಲ್ನಡಿಗೆಯಲ್ಲೇ ಹತ್ತುತ್ತಾನೆ. ಯಾದಗಿರಿ ಕೋಟೆಯ ಪ್ರವಾಸಿಯೂ ಸೈಕಲನ್ನು ಕೆಳಗೆ ಬಿಟ್ಟು ಕಾಲ್ನಡಿಗೆಯಲ್ಲೇ ಹತ್ತುತ್ತಾನೆ. ಸೈಕಲ್ ಕೆಳಗುಳಿಯುವ ವಿಷಯದಲ್ಲಿ ಎರಡೂ ನಗರಗಳು ಸಮಾನವಾಗಿರುವುದರಿಂದ, ಮತ್ತು ಸೈಕಲ್ ಪ್ರವಾಸದಲ್ಲಿ ಸೈಕಲ್ಲೇ ಮುಖ್ಯವಾದುದರಿಂದ, ಸೆವಿಲ್‌ಗೂ ಯಾದಗಿರಿಗೂ ಶಾಸ್ತ್ರದೃಷ್ಟಿಯಿಂದ ಭೇದವಿಲ್ಲ.

ಮೂರು: ಕಾಲನಿರ್ಣಯ

ಈ ಪ್ರದೇಶಕ್ಕೆ ಬಂದ ಪ್ರಸಿದ್ಧ ಪರಸ್ಥಳದವರಲ್ಲಿ ಇಬ್ಬರನ್ನು ವಿಚಾರಿಸಬೇಕು. ಮೊದಲನೆಯವನು ಔರಂಗಜೇಬ. 1618ರಲ್ಲಿ ಹುಟ್ಟಿದ ಈತ ತನ್ನ ಎಂಬತ್ತಾರರ ವಯಸ್ಸಿನಲ್ಲಿ, 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿ ಕುಳಿತ; ಅದೇ ಆತನ ಬದುಕಿನ ಕೊನೆಯ ಮುತ್ತಿಗೆ. ಕೋಟೆಯೇನೋ ಕೈಸೇರಿತು, ಆದರೆ ಬೇಡರ ನಾಯಕ ಪಿಡ್ಡನಾಯಕನೂ ಅವನವರೂ ಅಷ್ಟರಲ್ಲಿ ಜಾರಿಕೊಂಡಿದ್ದರು. ಬಾದಶಹ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಕಾಯಿಲೆ ಮಲಗಿದ. ಆಗಿನ್ನೂ ಸೈಕಲ್ ಹುಟ್ಟಿರಲಿಲ್ಲವಾದ್ದರಿಂದ ಈ ಪ್ರವಾಸ ಶಾಸ್ತ್ರದ ಹೊರಗಿನದು. ಆದರೂ ಅದರಿಂದ ಒಂದು ಸೂತ್ರ ಲಭಿಸುತ್ತದೆ. ಅಷ್ಟು ದೊಡ್ಡ ಸೇನೆಯ ಪ್ರವಾಸಿಗೆ ಫಿರಂಗಿಗಳಿದ್ದವು, ಮಾರ್ಗದರ್ಶಕನಿರಲಿಲ್ಲ. ಸ್ಥಳೀಯನಿಗೆ ದಾರಿಯೊಂದೇ ಗೊತ್ತಿತ್ತು, ಅಷ್ಟೇ ಸಾಕಾಯಿತು.

ಎರಡನೆಯವರು ಫಿಲಿಪ್ ಮೆಡೋಸ್ ಟೇಲರ್. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದು, ಬಾಲಕ ರಾಜಾ ವೆಂಕಟಪ್ಪ ನಾಯಕರಿಂದ ‘ಅಪ್ಪ’ ಎಂದು ಕರೆಸಿಕೊಂಡು, ಗುಡ್ಡದ ಮೇಲೆ ಇಂದಿಗೂ ಟೇಲರ್ ಮಂಜಿಲ್ ಎನ್ನಿಸಿಕೊಳ್ಳುವ ಬಂಗಲೆಯನ್ನು ಕಟ್ಟಿಸಿದವರು. ಜರ್ಮನಿಯ ಡ್ರೈಸ್ ಎಂಬಾತ ಕಾಲಿನಿಂದ ನೆಲವನ್ನೊದ್ದು ಓಡಿಸುವ ಎರಡು ಗಾಲಿಯ ಯಂತ್ರವನ್ನು ಮಾಡಿದ್ದು 1817ರಲ್ಲಿ. ಸಮಾನ ಗಾತ್ರದ ಗಾಲಿ ಮತ್ತು ಸರಪಳಿಯುಳ್ಳ ಸೈಕಲ್ ಇಂಗ್ಲೆಂಡಿನಲ್ಲಿ ಜನಪ್ರಿಯವಾದದ್ದು 1885ರ ನಂತರ. ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದದ್ದು 1888ರಲ್ಲಿ. ಟೇಲರ್ ತೀರಿಕೊಂಡದ್ದು 1876ರಲ್ಲಿ. ಆದ್ದರಿಂದ ಟೇಲರ್ ಸಾಹೇಬರ ಸೈಕಲ್ ಸುರಪುರದ ದಾರಿಯಲ್ಲಿ ಒಮ್ಮೆಯೂ ಪಂಕ್ಚರ್ ಆಗಲಿಲ್ಲವೆಂದು ನಿಸ್ಸಂಶಯವಾಗಿ ಹೇಳಬಹುದು; ಇಷ್ಟು ನಿಸ್ಸಂಶಯವಾಗಿ ಹೇಳಬಹುದಾದ ಸಂಗತಿಗಳು ಇತಿಹಾಸದಲ್ಲಿ ವಿರಳ.

ನಾಲ್ಕು: ಪ್ರಮಾಣ ವಿಚಾರ

ಜ್ಞಾನವನ್ನು ಪಡೆಯುವ ಸಾಧನಕ್ಕೆ ಪ್ರಮಾಣವೆಂದು ಹೆಸರು. ಮೀಮಾಂಸಕರಲ್ಲಿ ಭಾಟ್ಟ ಪಂಥದವರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ; ಈ ಜಿಲ್ಲೆಯಲ್ಲಿ ಒಂದೊಂದಕ್ಕೂ ಒಂದೊಂದು ಸ್ಥಳ ಮೀಸಲಾಗಿರುವುದು ಗಮನಾರ್ಹ.

ಕಣ್ಣಿಗೆ ನೇರವಾಗಿ ಕಾಣುವುದು ಪ್ರತ್ಯಕ್ಷ. ಯಾದಗಿರಿಯ ಬಂಡೆಗುಡ್ಡ ಮತ್ತು ಅದರ ಮೇಲಿನ ಕೋಟೆ ಇದಕ್ಕೆ ನಿದರ್ಶನ. ಮುಂಬಯಿ–ಚೆನ್ನೈ ರೈಲಿನಲ್ಲಿ ಯಾದಗಿರಿ ನಿಲ್ದಾಣದ ಮೂಲಕ ಹಾದುಹೋಗುವವರಿಗೂ ಊರಿನ ಮೇಲೆ ಗುಡ್ಡವೊಂದು ಎದ್ದಿರುವುದು ತಿಳಿಯುತ್ತದೆ. ಆದರೆ ಗುಡಿ, ಮಸೀದಿ, ನೀರಿನ ಹೊಂಡ, ತುದಿಯ ಫಿರಂಗಿಗಳ ಜ್ಞಾನ ಹತ್ತಿದವರಿಗೆ ಮಾತ್ರ. ಸಮಾರ್ಗದರ್ಶಕ ಪ್ರವಾಸದಲ್ಲಿ ಮಾರ್ಗದರ್ಶಕ ಮೊದಲ ಸುತ್ತಿನ ಗೋಡೆಯ ಬಳಿಯೇ ಇತಿಹಾಸವನ್ನು ವಿಸ್ತಾರವಾಗಿ ಹೇಳಲು ತೊಡಗುವುದಕ್ಕೆ ಚಾಲುಕ್ಯ, ಯಾದವ, ಬಹಮನಿ, ಆದಿಲಶಾಹಿಗಳ ಮೇಲಿನ ಗೌರವವೇ ಕಾರಣವೆಂದು ಒಂದು ಪಕ್ಷ, ಅಲ್ಲಿ ನೆರಳಿರುವುದೇ ಕಾರಣವೆಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷಕ್ಕೆ ಬೇಸಗೆಯಲ್ಲಿ ಅನುಯಾಯಿಗಳು ಹೆಚ್ಚು.

ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಶಹಾಪುರದ ಗುಡ್ಡಗಳ ಸಾಲು ರಸ್ತೆಯ ಒಂದು ನಿರ್ದಿಷ್ಟ ಕೋನದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ: ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸ್ಪಷ್ಟ. ಸ್ವಲ್ಪ ಮುಂದೆ ಹೋದರೆ ಬುದ್ಧನಿಲ್ಲ, ಬರೀ ಗುಡ್ಡ. ಬಸ್ಸಿನವನಿಗೆ ಈ ದರ್ಶನ ಪಕ್ಕದವನು ಬೆರಳು ಮಾಡಿ ತೋರಿಸುವಷ್ಟರಲ್ಲಿ ಮುಗಿದಿರುತ್ತದೆ. ನಡೆಯುವವನು ದೂರಕ್ಕೆ ಹೆದರಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಸೈಕಲಿನವನಿಗೆ ಮಾತ್ರ ಗುಡ್ಡವು ಬುದ್ಧನಾಗುವುದೂ ಬುದ್ಧನು ಮತ್ತೆ ಗುಡ್ಡವಾಗುವುದೂ ತನ್ನ ತುಳಿತದ ಲೆಕ್ಕದಲ್ಲಿ ತಿಳಿಯುತ್ತದೆ. ಎಲ್ಲವೂ ಕ್ಷಣಿಕವೆಂದು ಬೌದ್ಧರು ಗ್ರಂಥಗಳಲ್ಲಿ ಸಾಧಿಸಿದ್ದನ್ನು ಈ ಬುದ್ಧ ಮಲಗಿದಲ್ಲೇ ಸಾಧಿಸುತ್ತಾನೆ.

ಒಂದರ ಹೋಲಿಕೆಯಿಂದ ಇನ್ನೊಂದನ್ನು ತಿಳಿಯುವುದು ಉಪಮಾನ. ಸುರಪುರ ಸೀಮೆಯ ರಾಜನಕೊಳ್ಳೂರಿನ ಕಲ್ಗೋರಿಗಳನ್ನು, ಅಂದರೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಗೋರಿಗಳನ್ನು, ಟೇಲರ್ ತಮ್ಮ ಕಡೆಯ ಕೆಲ್ಟಿಕ್ ಜನರ ಗೋರಿಗಳಿಗೆ ಹೋಲಿಸಿ ಬರೆದರು. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಚೌಕದ ವಿನ್ಯಾಸದಲ್ಲಿ ಇಟ್ಟಿರುವುದನ್ನು ನೋಡಿದವರು ಅದನ್ನು ಪ್ರಾಚೀನರ ಖಗೋಳ ವೀಕ್ಷಣಾಲಯವೆಂದು ಕರೆಯುತ್ತಾರೆ. ಅದೀಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ಪರದೇಶದ ಪಂಡಿತ ಅದನ್ನು ತನ್ನ ದೇಶದ ಕಲ್ಲಿಗೆ ಹೋಲಿಸಿದರೆ ಉಪಮಾನವಾಗುತ್ತದೆ. ಊರಿನ ದನಗಾಹಿ ಅದನ್ನು ಕಲ್ಲಿಗೇ ಹೋಲಿಸಿದರೆ ಅಜ್ಞಾನವೆನ್ನಿಸಿಕೊಳ್ಳುತ್ತದೆ. ಈ ವ್ಯವಸ್ಥೆಗೆ ಶಾಸ್ತ್ರದಲ್ಲಿ ಸಮರ್ಥನೆ ದೊರೆತಿಲ್ಲ.

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ. ಸುರಪುರ ಸೀಮೆಯ ಬೂದಿಹಾಳದಲ್ಲಿ ಹೊಗೆಯಿಲ್ಲ, ಬೂದಿಯ ದಿಬ್ಬವಿದೆ. ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಬೂದಿಯೆಂದವರುಂಟು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬುತ್ತಾರೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ಉತ್ಖನನ ನಡೆಸಿ, ಇದು ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ದನ ಸಾಕುತ್ತಿದ್ದ ನವಶಿಲಾಯುಗದ ಜನ ಹಟ್ಟಿಯ ಸಗಣಿಯನ್ನು ಒಟ್ಟಿ ಸುಟ್ಟ ಬೂದಿಯೆಂದು ತೋರಿಸಿದರು. ಅದೇ ಪದ್ದಯ್ಯನವರು ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣದಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಕಾರ್ಯಾಗಾರವನ್ನು ಅಗೆದು ತೆಗೆದಿದ್ದಾರೆ. ಅದರ ವಯಸ್ಸನ್ನು ಸುಮಾರು 12 ಲಕ್ಷ ವರ್ಷವೆಂದು ಅಂದಾಜು ಮಾಡಲಾಗಿದೆ. ಸೆವಿಲ್‌ನ ಮಾರ್ಗದರ್ಶಕ ಎಂಟುನೂರು ವರ್ಷದ ಗೋಪುರವನ್ನು ‘ಬಹಳ ಹಳೆಯದು’ ಎಂದು ಪರಿಚಯಿಸುವಾಗ ಈ ಅಂಕಿ ಅವನಿಗೆ ತಿಳಿದಿರುವುದಿಲ್ಲ. ಹುಣಸಗಿಯ ಬಸ್ಸಿಗೆ ಕಾಯುತ್ತ ಕುಳಿತವನಿಗೂ ತಿಳಿದಿರುವುದಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಬೇರೆ ವಿವರಣೆಯೇ ಇಲ್ಲದ್ದರಿಂದ ಒಂದನ್ನು ಕಲ್ಪಿಸಿಕೊಳ್ಳುವುದು ಅರ್ಥಾಪತ್ತಿ. ದೇವದತ್ತನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಪರಂಪರೆಯ ಉದಾಹರಣೆ. ಯಾದಗಿರಿಯಲ್ಲಿ ಹೊರಡುವಾಗ ಟೈರು ಗಟ್ಟಿಯಾಗಿತ್ತು, ಭೀಮಾ ನದಿಯ ಸೇತುವೆ ದಾಟಿದ ಮೇಲೆ ಮೆತ್ತಗಾಯಿತು, ದಾರಿಯಲ್ಲಿ ಮುಳ್ಳೇನೂ ಕಾಣಲಿಲ್ಲ. ಆದ್ದರಿಂದ ಬಳ್ಳಾರಿ ಜಾಲಿಯಿದೆ. ಅಮೆರಿಕ ಖಂಡದಿಂದ ಬಂದು ಇಲ್ಲಿನ ಹೊಲದ ಬದು, ಕೆರೆಯಂಗಳಗಳನ್ನೆಲ್ಲ ಆಕ್ರಮಿಸಿದ ಈ ಗಿಡವೇ ಈ ದಾರಿಯ ನಿಲುಗಡೆಗಳನ್ನು ನಿರ್ಧರಿಸುತ್ತದೆ. ಪ್ರವಾಸದ ವೇಳಾಪಟ್ಟಿಯಲ್ಲಿ ಕಾಣಿಸದ ತೊಗರಿ ಹೊಲ, ಹತ್ತಿ ಹೊಲ, ಕೃಷ್ಣೆಯ ಕಾಲುವೆ ನೀರಿನ ಭತ್ತದ ಗದ್ದೆಗಳ ದರ್ಶನವಾಗುವುದು ಜಾಲಿಯ ಕೃಪೆಯಿಂದಲೇ.

ನಂಬಲರ್ಹನಾದವನ ಮಾತು ಶಬ್ದ ಪ್ರಮಾಣ. ಅಂಥವನಿಗೆ ಆಪ್ತನೆಂದು ಹೆಸರು. ಇದರ ಕ್ಷೇತ್ರ ಸುರಪುರ. ಗುಡ್ಡಗಳ ನಡುವೆ ಏರಿಳಿಯುವ ಈ ಊರಿನ ಓಣಿಗಳಲ್ಲಿ ಸೈಕಲ್ ನಿಲ್ಲಿಸಿದ ಕೂಡಲೇ ಆಪ್ತರು ಹುಟ್ಟಿಕೊಳ್ಳುತ್ತಾರೆ. ಮೊದಲು “ಯಾ ಊರ್ರೀ ನಿಮ್ಮದು?”, ಆಮೇಲೆ “ಸೈಕಲ್ ಮ್ಯಾಲ ಯಾಕ್ ಬಂದೀರ್ರೀ, ಬಸ್ ಸಿಗ್ಲಿಲ್ಲೇನು?” ಎಂಬ ಎರಡು ಪ್ರಶ್ನೆಗಳು ಮುಗಿದ ಮೇಲೆಯೇ ಉಪದೇಶ ಆರಂಭ. 1858ರಲ್ಲಿ ಬ್ರಿಟಿಷರ ಸೆರೆಯಲ್ಲಿದ್ದು ಮಡಿದ ರಾಜಾ ವೆಂಕಟಪ್ಪ ನಾಯಕರ ಕಥೆಯನ್ನು ಪ್ರತಿಯೊಬ್ಬ ಆಪ್ತನೂ ಮನೆಯ ಹಿರಿಯನೊಬ್ಬನ ಸುದ್ದಿ ಹೇಳಿದಂತೆ ಹೇಳುತ್ತಾನೆ. 1860ರಲ್ಲಿ ಸಂಸ್ಥಾನ ನಿಜಾಮನಿಗೆ ಸೇರಿದ್ದನ್ನು ಹೇಳುವಾಗ ಧ್ವನಿ ತಗ್ಗಿಸುತ್ತಾನೆ. ವೇಣುಗೋಪಾಲಸ್ವಾಮಿ ಗುಡಿಯ ದಾರಿ, ಬಂಗಾರದ ಬಣ್ಣಕ್ಕೆ ಹೆಸರಾದ ಸುರಪುರ ಚಿತ್ರಶೈಲಿಯ ಗರುಡಾದ್ರಿ ಮನೆತನದ ಹಿರಿಮೆ, ಟೇಲರ್ ಮಂಜಿಲ್‌ನ ಏರು ಇವೆಲ್ಲಕ್ಕೂ ಒಬ್ಬೊಬ್ಬ ಆಪ್ತನಿದ್ದಾನೆ. ಇಬ್ಬರು ಆಪ್ತರು ಪರಸ್ಪರ ವಿರುದ್ಧವಾದ ದಾರಿಯನ್ನು ತೋರಿಸಿದರೆ ಯಾವುದನ್ನು ನಂಬಬೇಕೆಂಬ ಸಮಸ್ಯೆ ತಾರ್ಕಿಕರಿಗೆ ಕಠಿಣವಾದರೂ ಸುರಪುರದಲ್ಲಿ ಸುಲಭ: ಎರಡೂ ದಾರಿಗಳು ಏರೇ ಆಗಿರುತ್ತವೆ.

ಐದು: ಆಕ್ಷೇಪ, ಸಮಾಧಾನ

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಸೈಕಲ್ ತುಳಿಯುವುದು ಆತ್ಮಹಿಂಸೆಯಲ್ಲವೇ ಎಂಬುದು ಮೊದಲ ಆಕ್ಷೇಪ. ಕಾರ್ತಿಕದಿಂದ ಶಿವರಾತ್ರಿಯವರೆಗಿನ ಅವಧಿ ಶಾಸ್ತ್ರವಿಹಿತವಾದುದರಿಂದ ಇದು ನಿಲ್ಲುವುದಿಲ್ಲ. ಯಾದಗಿರಿಯಿಂದ ಶಹಾಪುರಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು, ಅಲ್ಲಿಂದ ಸುರಪುರಕ್ಕೆ ಮತ್ತೆ ಇಪ್ಪತ್ತಕ್ಕೂ ಹೆಚ್ಚು, ಇಷ್ಟನ್ನು ಯಾರು ತುಳಿಯಬೇಕು ಎಂಬುದು ಎರಡನೆಯದು. ಯಾರನ್ನು ಕೇಳಿದರೂ ‘ಇಲ್ಲೇ ಐತ್ರೀ’ ಎಂಬ ಉತ್ತರವೇ ಬರುವುದರಿಂದ ಆಪ್ತವಾಕ್ಯದ ಬಲದಿಂದ ಈ ಆಕ್ಷೇಪವೂ ಬೀಳುತ್ತದೆ. ಮೋಟಾರ್ ಸೈಕಲ್ಲಿನಲ್ಲೂ ಎರಡು ಗಾಲಿಗಳಿವೆಯಲ್ಲ ಎಂಬ ಮೂರನೆಯ ಆಕ್ಷೇಪಕ್ಕೆ ಸಮಾಧಾನವಿದು: ಮೋಟಾರ್ ಸೈಕಲ್ಲಿನವನು ದಾರಿ ಕೇಳಿದಾಗ ಇಂಜಿನ್ ಆರಿಸುವುದಿಲ್ಲ, ಇಂಜಿನ್ ಆರಿಸದವನ ಕಿವಿಗೆ ಆಪ್ತವಾಕ್ಯ ಬೀಳುವುದಿಲ್ಲ.

ಆರು: ಲಕ್ಷಣ ಮತ್ತು ಸಿದ್ಧಾಂತ

ಇನ್ನು ಪ್ರವಾಸಿ ಯಾರು, ಮಾರ್ಗದರ್ಶಕ ಯಾರು ಎಂಬುದನ್ನು ನಿರ್ಣಯಿಸಬೇಕು. ಲಕ್ಷಣವು ಬೇಡದವರಿಗೂ ಅನ್ವಯಿಸಿದರೆ ಅತಿವ್ಯಾಪ್ತಿ, ಬೇಕಾದವರನ್ನು ಬಿಟ್ಟರೆ ಅವ್ಯಾಪ್ತಿ, ಯಾರಿಗೂ ಅನ್ವಯಿಸದಿದ್ದರೆ ಅಸಂಭವ ಎಂದು ಮೂರು ದೋಷಗಳು. ‘ಸ್ಮಾರಕದ ಬಳಿ ಸೈಕಲಿನಲ್ಲಿ ಸಾಗುವವನು ಪ್ರವಾಸಿ’ ಎಂದರೆ, ಕ್ಯಾನು ತೂಗಿಹಾಕಿಕೊಂಡ ಹಾಲಿನವನಿಗೂ, ಸಲಿಕೆ ಕಟ್ಟಿಕೊಂಡು ಕಾಲುವೆಗೆ ಹೋಗುವ ರೈತನಿಗೂ, 2006-07ರಲ್ಲಿ ಸರ್ಕಾರ ಆರಂಭಿಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ ಏರಿ, ಹಿಂದೆ ತಂಗಿಯನ್ನೂ ಕೂರಿಸಿಕೊಂಡು ಶಾಲೆಗೆ ಹೋದ ಹುಡುಗಿಗೂ ಅತಿವ್ಯಾಪ್ತಿಯಾಗುತ್ತದೆ. ‘ಸ್ಮಾರಕವನ್ನು ನೋಡುತ್ತ ಸಾಗುವವನು’ ಎಂದರೆ, ಮೊಬೈಲಿನಲ್ಲಿ ತನ್ನ ಮುಖವನ್ನೇ ನೋಡುವ ಬಹುಪಾಲು ಪ್ರವಾಸಿಗಳು ಹೊರಗುಳಿದು ಅವ್ಯಾಪ್ತಿಯಾಗುತ್ತದೆ. ಆದ್ದರಿಂದ ‘ಶುಲ್ಕ ತೆತ್ತು ಸಾಗುವವನೇ ಪ್ರವಾಸಿ’ ಎಂಬುದೊಂದೇ ನಿರ್ದುಷ್ಟ ಲಕ್ಷಣ. ಅದೇ ಗುಡ್ಡವನ್ನು ದಿನವೂ ದಾಟುವ ಹುಡುಗಿಯ ಶ್ರಮ ದಿನಚರಿ. ಹಣ ಕೊಟ್ಟು ಒಮ್ಮೆ ದಾಟಿದವನ ಶ್ರಮ ಅನುಭವ.

ಇದೇ ನ್ಯಾಯದಿಂದ ‘ಶುಲ್ಕ ಪಡೆಯುವವನು ಮಾರ್ಗದರ್ಶಕ’ ಎಂದರೆ ಶಾಸ್ತ್ರ ಕುಸಿಯುತ್ತದೆ. ಈ ಮೂರು ಊರುಗಳ ನಡುವೆ ದಾರಿ ತೋರಿಸುವವರೆಲ್ಲ ಹಣ ಚಾಚಿದರೆ ಮುಖ ಸಿಂಡರಿಸಿ, ತಾವೇ ಚಹಾ ತರಿಸಿ, ರೊಟ್ಟಿ ಉಂಡು ಹೋಗಿರೆಂದು ಒತ್ತಾಯಿಸುವವರಾದ್ದರಿಂದ ಅಸಂಭವ ದೋಷ ಬರುತ್ತದೆ. ಹೀಗೆ ಲೆಕ್ಕದ ಪುಸ್ತಕದಲ್ಲಿ ಈ ಸೀಮೆಗೆ ಮಾರ್ಗದರ್ಶಕರೇ ಇಲ್ಲವೆಂದೂ ರಸ್ತೆಯಲ್ಲಿ ಮಾರ್ಗದರ್ಶಕರಲ್ಲದವರೇ ಇಲ್ಲವೆಂದೂ ಏಕಕಾಲದಲ್ಲಿ ಸಿದ್ಧವಾಗುತ್ತದೆ. ಪೂರ್ವಪಕ್ಷಿಗಳು ಮೊದಲನೆಯದನ್ನು ಮಾತ್ರ ಓದಿದ್ದರು.

ಏಳು: ಫಲಶ್ರುತಿ

ಈ ಶಾಸ್ತ್ರವನ್ನು ಶ್ರದ್ಧೆಯಿಂದ ಓದಿದವನಿಗೆ ಸೈಕಲ್ ಸಿಗುತ್ತದೆ. ಎರಡು ಬಾರಿ ಓದಿದವನಿಗೆ ಸೈಕಲ್ಲಿನೊಡನೆ ಪಂಪೂ ಸಿಗುತ್ತದೆ. ಓದದೆಯೇ ನೇರವಾಗಿ ಶಹಾಪುರದ ರಸ್ತೆಗೆ ಹೋಗಿ ಮೊದಲು ಎದುರಾದವನನ್ನು ದಾರಿ ಕೇಳಿದವನಿಗೆ ಮೂರು ಊರುಗಳೂ ಊಟವೂ ಸಿಗುತ್ತವೆ. ಸಂಸ್ಥೆಯೊಂದು ಮುಂದೆ ಬಂದು ಇಲ್ಲಿ ಸಮಾರ್ಗದರ್ಶಕ ಪ್ರವಾಸವನ್ನು ವಿಧಿವತ್ತಾಗಿ ನಡೆಸುವುದಾದರೆ, ಮಾರ್ಗದರ್ಶಕರ ನೇಮಕಾತಿಗೆ ಅರ್ಜಿ ಕರೆಯುವ ಮೊದಲು ಸೈಕಲ್ ಮೇಲೆ ತಂಗಿಯನ್ನು ಕೂರಿಸಿಕೊಂಡು ಏರು ಹತ್ತಿದ ಆ ಹುಡುಗಿಯರನ್ನು ಕರೆದು ಕೇಳತಕ್ಕದ್ದು, ಮತ್ತು ಅವರು ಬೇಡವೆಂದರೂ ಶುಲ್ಕವನ್ನು ಕೊಟ್ಟೇ ತೀರತಕ್ಕದ್ದು. ಹಾಗೆ ಕೊಟ್ಟಾಗ ಮಾತ್ರ ಆರನೆಯ ಪ್ರಕರಣದ ಅಸಂಭವ ದೋಷ ಪರಿಹಾರವಾಗಿ ಈ ಶಾಸ್ತ್ರ ಪೂರ್ಣವಾಗುತ್ತದೆ.