ಅಪ್‌ಪ, ಅವ್‌ವ ಮತ್ತು ಕಾಕಾ

"ದಿನಾ ಕಂಪ್ಯೂಟರ್ ಮುಂದಽ ಕುಂತಿರ್ತೀರಿ, ಇದೊಂದು ಜೋಡಿಸಿ ಕೊಡ್ರಲ್ಲ" ಎಂದು ವೈನಿ ಒಂದು ಹಾರ್ಡ್‌ಡಿಸ್ಕ್ ಕೈಗಿಟ್ಟರು. ಆಲಮೇಲದಲ್ಲಿ ನಡೆದ ಅಣ್ಣನ ಮಗಳ ಮದುವೆ ಅದರೊಳಗಿತ್ತು, ಏಳೆಂಟು ಬೀಗರ ಮೊಬೈಲುಗಳಿಂದ ಸುರಿದುಕೊಂಡ ತುಣುಕುಗಳಾಗಿ. ಕಂಪ್ಯೂಟರಿನಲ್ಲಿ ನನಗೆ ಬರುವುದು ಟೈಪಿಂಗ್ ಮಾತ್ರ ಎಂದು ಹೇಳಲು ಮರ್ಯಾದೆ ಬಿಡಲಿಲ್ಲ.

ಮೊದಲ ರಾತ್ರಿ ಸುರಗಿ ಶಾಸ್ತ್ರದ ಭಾಗ ಜೋಡಿಸಿ ಮಲಗಿದೆ. ಬೆಳಿಗ್ಗೆ ತೆರೆದರೆ ಪರದೆ ತುಂಬ ಕೆಂಪು, ನಡುವೆ 'ಮೀಡಿಯಾ ಆಫ್‌ಲೈನ್'. ಮದುಮಕ್ಕಳು ಹಾಡಹಗಲೇ ಮಾಯ! ಆಮೇಲೆ ತಿಳಿಯಿತು, ಎಡಿಟಿಂಗ್ ಸಾಫ್ಟ್‌ವೇರ್ ವಿಡಿಯೊವನ್ನು ತನ್ನೊಳಗೆ ಇಟ್ಟುಕೊಳ್ಳುವುದೇ ಇಲ್ಲ, ಅದರ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ನಿನ್ನೆ 'ಇ' ಆಗಿದ್ದ ಡಿಸ್ಕು ಇವತ್ತು ತೆಗೆದು ಚುಚ್ಚಿದ್ದಕ್ಕೆ 'ಎಫ್' ಆಗಿತ್ತು. ಅಣ್ಣನ ಮನೆಯ ವಿಳಾಸದ ಕಥೆಯೂ ಇದೇ. ಬಿಜಾಪುರ 2014ರಲ್ಲಿ ವಿಜಯಪುರವಾಯಿತು, ಸಿಂದಗಿ ತಾಲೂಕಿನೊಳಗಿದ್ದ ಆಲಮೇಲ ಮುಂದೆ ತಾನೇ ತಾಲೂಕಾಯಿತು. ಅಣ್ಣನ ಮನೆ ಇದ್ದಲ್ಲೇ ಇದೆ, ಲಗ್ನಪತ್ರಿಕೆಗಳು ಮಾತ್ರ ಇನ್ನೂ 'ತಾ. ಸಿಂದಗಿ, ಜಿ. ಬಿಜಾಪುರ' ಎಂದೇ ಬರುತ್ತವೆ. ಅಂಚೆಯವನು ನಕ್ಕು ತಂದುಕೊಡುತ್ತಾನೆ. ಸಾಫ್ಟ್‌ವೇರಿಗೆ ಅಷ್ಟು ಊರ ಬಳಕೆ ಇಲ್ಲ, ನಾವೇ ಕೈಹಿಡಿದು ಮನೆ ತೋರಿಸಬೇಕು. ರೀಲಿಂಕ್ ಒತ್ತಿ ಒಂದು ಫೈಲ್ ತೋರಿಸಿದೆ. ಊಟದ ಪಂಕ್ತಿಗೆ ಒಬ್ಬ ಎದ್ದರೆ ಎಲ್ಲರೂ ಏಳುವಂತೆ ಅದೇ ಫೋಲ್ಡರಿನ ಉಳಿದವೂ ಹಿಂದೆಯೇ ಬಂದವು.

ನಿಜವಾದ ಪೇಚು ಹೆಸರು ಹಾಕುವಾಗ. ಪ್ರೆಸ್ಸಿನವರು ಕೊಟ್ಟ ಪತ್ರಿಕೆಯ ಬರಹ ಹಳೆಯ ನುಡಿ ಫಾಂಟಿನದು. ಅಂಟಿಸಿದ ಕೂಡಲೇ ಬೀಗರ ಮನೆತನ ಪೂರ್ತಿ ಅರ್ಥವಿಲ್ಲದ ಚಿಹ್ನೆಗಳ ಕಸವಾಯಿತು. ಸರಿ, ಯುನಿಕೋಡಿನಲ್ಲಿ ನಾನೇ ಕುಟ್ಟಿದೆ. ಅಪ್ಪ 'ಅಪ್‌ಪ' ಆದ, ಅವ್ವ 'ಅವ್‌ವ' ಆದಳು. ಅಕ್ಕ, ಅಣ್ಣ, ಅಜ್ಜ, ಅತ್ತಿ ಯಾರೂ ಉಳಿಯಲಿಲ್ಲ. ನಮ್ಮ ಬಳಗವೆಲ್ಲ ನಿಂತಿರುವುದು ಒತ್ತಕ್ಷರದ ಮೇಲೆ ಎಂದು ನನಗೆ ಅವತ್ತೇ ಹೊಳೆದದ್ದು. ಕೂದಲು ಕೊಂಕದೆ ಉಳಿದವನು ಕಾಕಾ ಒಬ್ಬನೇ. ಅದು ನಾನು. ಎರಡು ಸಂಜೆ ಹುಡುಕಿದ ಮೇಲೆ ಸೆಟ್ಟಿಂಗಿನ ಗ್ರಾಫಿಕ್ಸ್ ಎಂಬ ಮೂಲೆಯಲ್ಲಿ 'ದಕ್ಷಿಣ ಏಷ್ಯಾ' ಎಂಬ ಆಯ್ಕೆ ಸಿಕ್ಕಿತು. ಅದನ್ನು ಒತ್ತಿ, ಮುಚ್ಚಿ ತೆರೆದು, ಹೊಸದಾಗಿ ಬರೆದಾಗ ಬಳಗ ಮತ್ತೆ ಕೂಡಿತು.

ಆಮೇಲೆ ಧ್ವನಿಯ ಸರದಿ. ಸ್ವಾಮಿಗಳು ಬಾಯಿ ಮುಚ್ಚಿದ ಮೇಲೆ ಮಂತ್ರ ಕೇಳುತ್ತಿತ್ತು. ಮಂಟಪದ ಮಂದ ಬೆಳಕಿನಲ್ಲಿ ಮೊಬೈಲು ಸೆಕೆಂಡಿಗೆ 30 ಚಿತ್ರ ಹಿಡಿಯುವ ಬದಲು ಒಮ್ಮೆ 24, ಒಮ್ಮೆ 28 ಹಿಡಿಯುತ್ತದೆ. ಸಾಫ್ಟ್‌ವೇರ್ ಎಲ್ಲವೂ ಒಂದೇ ಲೆಕ್ಕ ಎಂದುಕೊಂಡು ಎಡವುತ್ತದೆ. ಬಿಟ್ಟಿ ಸಿಗುವ ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ ಒಂದೇ ವೇಗಕ್ಕೆ ಕಟ್ಟಿದ್ದೇ ತಡ, ಮಂತ್ರ ತುಟಿಗೆ ಬಂತು. ಆದರೆ ಬ್ಯಾಂಡು? ಅಕ್ಕಿಕಾಳು ಬಿದ್ದು ನಾಲ್ಕು ಸೆಕೆಂಡಾದ ಮೇಲೆ ಬಾರಿಸುತ್ತಿತ್ತು! ಏನು ತಿದ್ದಿದರೂ ಜಗ್ಗಲಿಲ್ಲ. ನಡುರಾತ್ರಿ ಕರೆಂಟು ಹೋಗಿ, ಬಂದು, ಮತ್ತೆ ಹೋದ ಮೇಲೆ ಸಿಟ್ಟಿಗೆದ್ದು ಅಲ್ಲಿಗೆ ಧ್ವನಿ ಕತ್ತರಿಸಿ ಹಿಂದಕ್ಕೆಳೆದು ಅಕ್ಕಿಕಾಳಿಗೇ ಕೂಡಿಸಿದೆ.

ಸಿದ್ಧವಾದದ್ದು 5 ಜಿಬಿ, ಪೆನ್‌ಡ್ರೈವು 32 ಜಿಬಿ. ಆದರೂ ಜಾಗವಿಲ್ಲ ಎಂದಿತು. ಫ್ಯಾಟ್32 ಎಂಬ ಹಳೆಯ ಕಟ್ಟಿನಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲವಂತೆ. ಡಬ್ಬಿ ದೊಡ್ಡದು, ಬಾಯಿ ಸಣ್ಣದು. ಎಕ್ಸ್‌ಫ್ಯಾಟ್ ಮಾಡಿದರೆ ಅಣ್ಣನ ಟೀವಿ ಒಲ್ಲೆ ಎಂದಿತು. ಕೊನೆಗೆ ವಿಡಿಯೊವನ್ನೇ ಇಳಿಸಿ ಮೂರೂವರೆ ಜಿಬಿ ಮಾಡಿದೆ.

ಎಲ್ಲರೂ ಕೂತು ನೋಡಿದರು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಕಿಕಾಳು ಬಿದ್ದವು, ಬ್ಯಾಂಡು ಧಡಲ್ ಎಂದಿತು. ಅಣ್ಣ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಸರಿದ.

"ಏ ತಮ್ಮಾ, ಇವ್ರು ಟೈಮಿಗೆ ಸರಿ ಬಾರಿಸಿದ್ರೇನೋ? ಅವತ್ತ ಚಹಾ ಕುಡೀಲಿಕ್ಕಿ ಹೊರಗ ಹೋಗಿದ್ರಲ್ಲ, ನಾನಽ ಓಡಿ ಕರ್ಕೊಂಡ ಬಂದೆ!"