ಚಿಕ್ಕ ಪುಷ್ಯದಲ್ಲಿ ಇಬ್ಬರೇ

ಅಂತೂ ಒಂದು ಗಳಿಗೆ ಹೊಳವಾಯ್ತು ನೋಡಿ, ಇಲ್ಲದಿದ್ರೆ ನಿಮ್ಮ ಮುಖ ನೋಡೋಕೂ ಆಗ್ತಿರಲಿಲ್ಲ. ನಿಮ್ಮ ಬಚ್ಚಲೊಲೆ ಹೊಗೆ ಕಂಡರೆ ಸರಿ, ಇದ್ದಾರೆ ಅಂದ್ಕೊಂಡು ಒಳಗೆ ಹೋಗ್ತಿದ್ದೆ. ದೊಡ್ಡ ಪುಷ್ಯದ ಮಳೆ ಕೈಕೊಡ್ತು ಅಂತ ಇವರು ಗೊಣಗಿದ್ದೇ ಗೊಣಗಿದ್ದು. ಈಗ ಚಿಕ್ಕ ಪುಷ್ಯ ಅಣ್ಣನ ಸಾಲವನ್ನೆಲ್ಲ ಬಡ್ಡಿ ಸಮೇತ ತೀರಿಸ್ತಾ ಇದೆ.

ಮಳೆ, ಮನೆ, ನೀವಿಬ್ಬರೇ, ಎಷ್ಟು ಚಂದ ಅಮ್ಮಾ ಅಂತಾಳೆ ಬೆಂಗಳೂರಿನ ಮಗಳು. ಸಿನಿಮಾ ನೋಡಿ ಕಲಿತ ಮಾತು ಅದು. ‘ಮುಂಗಾರು ಮಳೆ’ ಬಿಡುಗಡೆಯಾಗಿದ್ದು ಯಾವಾಗ ಹೇಳಿ? 2006ರ ಡಿಸೆಂಬರ್ ಕೊನೆಗೆ, ಅಂಗಳದಲ್ಲಿ ಅಡಿಕೆ ಒಣಗೋ ಕಾಲದಲ್ಲಿ. ಒಣಗಿದ ಬಟ್ಟೆ ಉಟ್ಟ ಜನ ನೋಡಿದ್ದಕ್ಕೇ ಅದು ಅಷ್ಟು ಓಡಿದ್ದು ಅನ್ನೋದು ನನ್ನ ವಾದ. ಪುಷ್ಯದಲ್ಲಿ ಬಂದಿದ್ರೆ ನಾವ್ಯಾರಾದ್ರೂ ದುಡ್ಡು ಕೊಟ್ಟು ಮತ್ತೆ ಮಳೆ ನೋಡೋಕೆ ಹೋಗ್ತಿದ್ವಾ?

ನಮ್ಮನೇಲಿ ಬೆಳಗಾಗೋದೇ ಮಳೆ ಅಳೆಯೋದ್ರಿಂದ. ಕಾಫಿ ಆಮೇಲೆ. ಕಂಬಳಿಕೊಪ್ಪೆ ಹಾಕ್ಕೊಂಡು ಅಂಗಳಕ್ಕಿಳಿದು ಅಳತೆ ನೋಡಿ ಬಂದು “ನೂರಾ ಎಂಬತ್ತು” ಅಂತಾರೆ. ನನಗೆ ಮಿಲಿಮೀಟರು ತಲೆಗೆ ಹತ್ತಲ್ಲ, ಮಾವನವರ ಕಾಲದ ಇಂಚೇ ಬೇಕು. “ಏಳಿಂಚು ಕಣೇ” ಅಂತ ಬೇಜಾರಲ್ಲೇ ಹೇಳ್ತಾರೆ. ಆಮೇಲೆ ಶುರು: ಆಗುಂಬೇಲಿ ಎಷ್ಟಂತೆ, ಹುಲಿಕಲ್ಲಲ್ಲಿ ಎಷ್ಟಂತೆ. ಆಗುಂಬೇಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟೋದು ಮಾಮೂಲಿ, ಅವರ ಜೊತೆ ನಮಗ್ಯಾಕೆ ಪೈಪೋಟಿ? ಆದ್ರೂ ಅಲ್ಲಿ ಹೆಚ್ಚು ಬಿತ್ತು ಅಂದ್ರೆ ಇವರ ಮುಖ ಸಣ್ಣದಾಗತ್ತೆ. ಪೇಪರ್ ಬಂದ ದಿನ ಲಿಂಗನಮಕ್ಕಿ ಲೆಕ್ಕ ಬೇರೆ. 1819 ಅಡಿ ತುಂಬೋಕೆ ಇನ್ನೆಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು ಅಂತ ಓದಿ ಹೇಳ್ತಾರೆ. ಶರಾವತಿ ನೀರಲ್ಲಿ ನಾಡಿಗೆಲ್ಲ ಕರೆಂಟಂತೆ. ಅದನ್ನ ನಾನು ಕೇಳೋದು ಚಿಮಣಿ ದೀಪದ ಪಕ್ಕ ಕೂತು.

ಆದ್ರೆ ಒಂದು ಗಮನಿಸಿದೀರಾ? ಈ ಲೆಕ್ಕ ಜಾಸ್ತಿಯಾದಷ್ಟೂ ಇವರ ತಲೇಲಿ ಬೇರೇನೋ ಕೊರೀತಾ ಇರತ್ತೆ. ತೋಟಕ್ಕೆ ಮೊದಲನೇ ಔಷಧಿ ಹೊಡೆದದ್ದು ಮಳೆ ಹಿಡಿಯೋಕೆ ಮುಂಚೆ. ನಲವತ್ತು ನಲವತ್ತೈದು ದಿನಕ್ಕೆ ಎರಡನೇದು ಆಗ್ಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎಲ್ಲ ತಂದಿಟ್ಟಾಗಿದೆ. ಕತ್ತಿ ಅದ್ದಿ ಕೆಂಪು ಹಿಡಿಯತ್ತಾ ಅಂತ ನೋಡೋಕೂ ಇವರಿಗೆ ಕೈ ತುರಿಸ್ತಾ ಇದೆ. ಹೊಳ ಸಿಗಬೇಕಲ್ಲ! ಪಾಚಿ ಕಟ್ಟಿದ ಮರಕ್ಕೆ ಈ ಮಳೇಲಿ ಯಾರನ್ನ ಹತ್ತಿಸೋದು? ಕೆನಡಾದಿಂದ ಬಂದ ಕೋಲ್ಮನ್ ಸಾಹೇಬರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, ಅಡಿಕೆಯ ಕೊಳೆರೋಗಕ್ಕೆ ಈ ಬೋರ್ಡೊ ದ್ರಾವಣ ಹೊಡೆಯೋದನ್ನ ನಮ್ಮೋರಿಗೆ ಕಲಿಸಿದ್ರು. ಪುಣ್ಯಾತ್ಮ, ಮಳೆ ನಿಲ್ಲಿಸೋದನ್ನ ಮಾತ್ರ ಕಲಿಸಲಿಲ್ಲ.

ಕೊಳೆ ಬಂದೀತೇನೋ ಅಂತ ಇವರು ಬಾಯಿಬಿಟ್ಟು ಹೇಳೋದಿಲ್ಲ. ಜಗಲಿ ತುದೀಲಿ ಕೂತು ತೋಟದ ಕಡೆ ನೋಡ್ತಾ “ಹುಲಿಕಲ್ಲಲ್ಲಿ ಇನ್ನೂ ಜಾಸ್ತಿಯಂತೆ” ಅಂತಾರೆ. ನಾನೂ ಕೇಳೋಕೆ ಹೋಗಲ್ಲ. ಕೇಳಿದ್ರೆ ಉತ್ತರ ಗೊತ್ತಿಲ್ಲದ ಸಿಟ್ಟು ನನ್ನ ಮೇಲೇ ತಾನೇ ಬರೋದು! ಎದ್ದು ಹೋಗಿ ಬೇಸಿಗೇಲಿ ಮಾಡಿಟ್ಟ ಹಲಸಿನ ಹಪ್ಪಳ ಕೆಂಡದ ಮೇಲೆ ಸುಟ್ಟು, ತೆಂಗಿನಕಾಯಿ ಚೂರಿನ ಜೊತೆ ತಂದು ಮಧ್ಯದಲ್ಲಿ ಇಡ್ತೀನಿ. ಎಣ್ಣೇಲಿ ಕರಿದದ್ದು ನೆಂಟರಿಗೆ, ಸುಟ್ಟದ್ದು ಮನೆಯವರಿಗೆ ಅನ್ನೋಳು ನಾನು. ಹೆಂಚಿನ ಮೇಲಿನ ಸದ್ದಿಗೆ ಮಾತಾಡಿದ್ರೂ ಕೇಳಲ್ಲ. ಹಪ್ಪಳ ಮುರಿಯೋ ಸದ್ದು ಮಾತ್ರ ಅದು ಹ್ಯಾಗೋ ಕೇಳತ್ತೆ. ಖಾಲಿಯಾದ ಮೇಲೆ “ಇನ್ನೆರಡು ಇದ್ಯಾ?” ಅಂತಾರೆ. ಅಷ್ಟಾದ್ರೆ ಆ ಹೊತ್ತಿಗೆ ಸುಧಾರಿಸಿದ್ರು ಅಂತ ಲೆಕ್ಕ.

ಜಗಳ ಇಲ್ಲ ಅಂತಲ್ಲ. ಒಲೆ ಮೇಲಿನ ಹಗ್ಗದಲ್ಲಿ ಯಾರ ಬಟ್ಟೆ ಮೊದಲು ಅನ್ನೋದಕ್ಕೆ ದಿನಾ ಇದೆ. ಇವರ ಪಂಚೆ ಹಸಿ ವಾಸನೆ ಹೊಡೀತಾ ಇರತ್ತೆ, ನನ್ನ ಸೀರೆ ಹೊಗೆ ವಾಸನೆ. ಎರಡರಲ್ಲಿ ಹೊಗೆಯೇ ವಾಸಿ, ಅದಕ್ಕೇ ಒಲೆಗೆ ಹತ್ತಿರದ ಜಾಗ ನಾನು ಹಿಡೀತೀನಿ.

ಅಯ್ಯೋ, ಮತ್ತೆ ಹನಿ ಶುರುವಾಯ್ತು. ಬಂದ ಕೆಲಸ ಹೇಳದೇ ಹೋಗ್ತಿದ್ದೆ ನೋಡಿ. ನಿಮ್ಮ ತೋಟಕ್ಕೆ ಕೊನೆಗೌಡ ಬಂದ್ರೆ ಔಷಧಿ ಮುಗಿಸಿದ ಮೇಲೆ ಹಾಗೇ ಈ ಬದಿಗೆ ಕಳಿಸಿ ಮಾರಾಯ್ರೆ. ನಾನು ಹೇಳಿದ್ದು ಅಂತ ಇವರಿಗೆ ಮಾತ್ರ ಹೇಳ್ಬೇಡಿ.